ಭಾನುವಾರದ ಊಟ

ಹೊಳೆನರಸೀಪುರದಿಂದ ತಾಯಿಯೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಮಗ, ಸೊಸೆ ಇಬ್ಬರೂ ಹಾಸನದಲ್ಲಿ ನೌಕರಿಯಲ್ಲಿದ್ದು ದಿನವೂ ಹೋಗಿಬರುವವರು. ಭಾನುವಾರ ಬಂದಿತೆಂದರೆ ಮಕ್ಕಳನ್ನು ಕರೆದುಕೊಂಡು ಮತ್ತೆ ಹಾಸನಕ್ಕೇ ಹೊರಡುತ್ತಾರೆ; ಒಂದು ವಾರ ಚೀನೀಯರ ನೂಡಲ್ಸ್, ಇನ್ನೊಂದು ವಾರ ಇಟಲಿಯವರ ಪಿಜ್ಜಾ. ಲಿಂಗಕ್ಕೆ ಅರ್ಪಿಸದುದನ್ನು ಉಣ್ಣಲಾಗದೆಂದು ಅವರ ಅತ್ತೆಯವರು ಕಲಿಸಿದ್ದರಂತೆ. ಈ ಪರದೇಶದ ತಿನಿಸುಗಳನ್ನು ಲಿಂಗಕ್ಕೆ ಅರ್ಪಿಸುವುದುಂಟೆ ಎಂಬುದು ಪ್ರಶ್ನೆ. ಹೆಸರು ಬರೆದ ಮೇಲೆ ಕೆಳಗೊಂದು ಸಾಲು ಸೇರಿಸಿದ್ದಾರೆ: ಭಾನುವಾರ ತಾವೊಬ್ಬರೇ ಉಣ್ಣುವುದೆಂದು. ಅದು ಪ್ರಶ್ನೆಯಾಗಿ ಬಂದಿಲ್ಲ. ಆದರೂ ನಮ್ಮನ್ನು ಹೆಚ್ಚು ಕಾಡಿರುವುದು ಆ ಸಾಲೇ.

ಈ ವಿಷಯದಲ್ಲಿ ನಾವೂ ಒಮ್ಮೆ ದುಡುಕಿದವರು. ಕೆಲವು ವರ್ಷಗಳ ಹಿಂದೆ ಚನ್ನರಾಯಪಟ್ಟಣದಲ್ಲಿ ಉಪನ್ಯಾಸ ನೀಡುತ್ತ, ನಮ್ಮ ನೆಲದಲ್ಲಿ ಹುಟ್ಟದ ಆಹಾರ ನಮ್ಮ ಆಚಾರಕ್ಕೆ ಒಗ್ಗದೆಂದು ಬಹಳ ಬಿಗಿಯಾಗಿ ಹೇಳಿದೆವು. ಸಭೆ ಮುಗಿದ ಮೇಲೆ ಪ್ರಸಾದದ ಪಂಕ್ತಿಯಲ್ಲಿ ಕಾಲೇಜಿನ ಹುಡುಗಿಯೊಬ್ಬಳು ನಮ್ಮ ಎಲೆಯಲ್ಲಿದ್ದ ಪಲ್ಯವನ್ನು ತೋರಿಸಿ, “ಈ ಆಲೂಗಡ್ಡೆ ಯಾವ ದೇಶದ್ದು ಬುದ್ಧಿ?” ಎಂದು ವಿನಯದಿಂದಲೇ ಕೇಳಿದಳು. ಉತ್ತರ ತಿಳಿದಿತ್ತು, ಹೇಳಲು ಬಾಯಿ ಬರಲಿಲ್ಲ.

ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಪ್ರದೇಶ. ಸ್ಪೇನಿನವರ ಹಡಗುಗಳಲ್ಲಿ ಯುರೋಪಿಗೆ ಬಂದು, ಅನಂತರ ನಮ್ಮ ದೇಶವನ್ನು ಸೇರಿತು. ಹಾಸನ, ಅರಕಲಗೂಡಿನ ರೈತರು ಮುಂಗಾರಿನ ಮೊದಲ ಮಳೆ ಬೀಳುವುದನ್ನೇ ಕಾದು, ಪಂಜಾಬಿನ ಜಲಂಧರದಿಂದ ಬಂದ ಬಿತ್ತನೆ ಗಡ್ಡೆಯನ್ನು ನೆಲಕ್ಕಿಡುವ ದೃಶ್ಯ ನಮಗೆಲ್ಲ ಪರಿಚಿತ. ಅಂಗಮಾರಿ ರೋಗದಿಂದ ಸೋತು ಎಷ್ಟೋ ಮಂದಿ ಮುಸುಕಿನ ಜೋಳಕ್ಕೆ ಹೊರಳಿದ್ದಾರೆ. ಇದೇ ಅಂಗಮಾರಿ 1845ರಲ್ಲಿ ಐರ್ಲೆಂಡಿನ ಹೊಲಗಳಿಗೆ ತಗುಲಿ, ಮುಂದಿನ ಕೆಲವು ವರ್ಷಗಳ ಕ್ಷಾಮದಲ್ಲಿ ಅಲ್ಲಿ ಸುಮಾರು 10 ಲಕ್ಷ ಜನ ಮಡಿದರು. ಇನ್ನು ಆ ಮುಸುಕಿನ ಜೋಳವಾದರೂ ನಮ್ಮದೇ? ಅದು ಮೆಕ್ಸಿಕೋ ದೇಶದ್ದು. ಅಲ್ಲಿಯ ತಾಯಂದಿರು ಅದನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಅರೆದು, ರೊಟ್ಟಿ ತಟ್ಟಿ, ಹುರುಳಿಕಾಯಿಯ ಜಾತಿಯ ಕಾಳುಗಳೊಡನೆ ಉಣ್ಣುತ್ತಾರೆ. ಮೆಣಸಿನಕಾಯಿ, ಟೊಮೆಟೊ ಎರಡೂ ಅಮೆರಿಕ ಖಂಡದಿಂದಲೇ ಬಂದವು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಬಸವಣ್ಣನವರ ಮಹಾಮನೆಯ ದಾಸೋಹದಲ್ಲಿ, ಮೆಣಸಿನಕಾಯಿಯೂ ಇರಲಿಲ್ಲ, ಆಲೂಗಡ್ಡೆಯೂ ಇರಲಿಲ್ಲ. ಖಾರವೆಂದರೆ ಕರಿಮೆಣಸು, ಶುಂಠಿ. ನಮ್ಮ ಹೆಮ್ಮೆಯ ರಾಗಿಯೂ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕದ ಎತ್ತರದ ನೆಲದಿಂದ ಬಂದ ಅತಿಥಿಯೇ.

ಆದುದರಿಂದ ತಾಯಿಯವರ ಪ್ರಶ್ನೆಗೆ ದೇಶದ ಹೆಸರಿನಲ್ಲಿ ಉತ್ತರವಿಲ್ಲ. ಪದಾರ್ಥದ ರೂಪು ಇಷ್ಟಲಿಂಗಕ್ಕೆ, ರುಚಿ ಪ್ರಾಣಲಿಂಗಕ್ಕೆ, ತೃಪ್ತಿ ಭಾವಲಿಂಗಕ್ಕೆ ಸಲ್ಲುವುದೆಂಬುದು ನಮ್ಮ ಶಾಸ್ತ್ರ. ರುಚಿಯನ್ನು ಹಳಿಯುವ ಧರ್ಮ ಇದಲ್ಲ. ಹಾಗಿದ್ದರೆ ಅದನ್ನು ಲಿಂಗಕ್ಕೆ ಸಲ್ಲಿಸುವ ಮಾತೇ ಬರುತ್ತಿರಲಿಲ್ಲ. ಹೋಟೆಲಿನ ಮೇಜಿನ ಮುಂದೆ ಅರೆಗಳಿಗೆ ಕಣ್ಣು ಮುಚ್ಚಿ ಮನಸ್ಸಿನಲ್ಲಿಯೇ ಸಮರ್ಪಿಸಿದರೆ ಅದೂ ಪ್ರಸಾದವೇ.

ಆದರೆ ಸಮರ್ಪಿಸುವ ಮುನ್ನ ಅದರಲ್ಲಿ ಏನಿದೆಯೆಂದು ಕೇಳಿ ತಿಳಿಯಬೇಕು. ಇಲ್ಲಿ ನಮ್ಮವರ ಸಂಕೋಚ ಅತಿಯಾಯಿತೆಂದು ನಮಗನಿಸುತ್ತದೆ. ಸೊಪ್ಪು, ತರಕಾರಿ ಕಣ್ಣಿಗೆ ಕಂಡರೆ ಸಾಕು, ಶಾಕಾಹಾರವೆಂದು ನಂಬಿಬಿಡುತ್ತಾರೆ. ಥಾಯ್ ದೇಶದ ಅಡುಗೆಯಲ್ಲಿ ಉಪ್ಪಿನ ಕೆಲಸವನ್ನು ಹೆಚ್ಚಾಗಿ ಮೀನಿನ ರಸವೇ ಮಾಡುತ್ತದೆ. ಜಪಾನಿನವರ ತಿಳಿಸಾರಿಗೆ ಒಣಮೀನಿನ ಕಷಾಯವೇ ತಳಹದಿ. ಚೀನೀ ಅಡುಗೆಯ ಕಪ್ಪು ಸಾಸುಗಳಲ್ಲಿ ಸೋಯಾ ಕಾಳಿನದೂ ಉಂಟು, ಸಿಂಪಿಮಾಂಸದ್ದೂ ಉಂಟು. ಇಟಲಿಯ ಪಾರ್ಮೆಸಾನ್ ಎಂಬ ಗಟ್ಟಿ ಚೀಸಿಗೆ ಹಾಲನ್ನು ಒಡೆಸುವುದು ಎಳೆಗರುವಿನ ಜಠರದಿಂದ ತೆಗೆದ ಹೆಪ್ಪಿನಿಂದ. ಬೇರೆ ಎಷ್ಟೋ ಚೀಸುಗಳಿಗೆ ಈ ಹೆಪ್ಪು ಬೇಕಿಲ್ಲ. ಮಕ್ಕಳು ಚಪ್ಪರಿಸುವ ಜೆಲ್ಲಿಯಲ್ಲಿ ಪ್ರಾಣಿಯ ಎಲುಬು, ಚರ್ಮಗಳಿಂದ ತೆಗೆದ ಜೆಲಟಿನ್ ಇರಬಹುದು. ಪೊಟ್ಟಣದ ಮೇಲಾದರೆ ಹಸಿರು ಚುಕ್ಕೆ ನೋಡಬಹುದು. ಹೋಟೆಲಿನ ತಟ್ಟೆಗೆ ಚುಕ್ಕೆಯಿಲ್ಲ, ಬಾಯಿಬಿಟ್ಟೇ ಕೇಳಬೇಕು. ಹೆದ್ದಾರಿಯ ಒಂದು ಹೋಟೆಲಿನಲ್ಲಿ ನಮಗೆ ತರಕಾರಿ ಸೂಪೆಂದು ಬಡಿಸಿದರು. ಅರ್ಧ ಕುಡಿದ ಮೇಲೆ ಕೋಳಿ ಬೇಯಿಸಿದ ನೀರೆಂದು ತಿಳಿಯಿತು. ತಪ್ಪು ಬಡಿಸಿದವನದಷ್ಟೇ ಅಲ್ಲ, ಕೇಳದ ನಮ್ಮದೂ ಹೌದು.

ಪ್ರಸಾದಿಯ ಇನ್ನೊಂದು ನಿಯಮ ಹೋಟೆಲಿನಲ್ಲಿ ಮಕ್ಕಳಿಗೆ ಮರೆತೇಹೋಗುತ್ತದೆ. ತಟ್ಟೆಯಲ್ಲಿ ಅಗುಳು ಬಿಡದೆ, ತೊಳೆದ ನೀರನ್ನೂ ಕುಡಿದೇಳುತ್ತಿದ್ದ ಮನೆಗಳವರು ನಾವು. ನಾಲ್ಕು ಬಗೆ ತರಿಸಿ, ಎರಡನ್ನು ಕೆದಕಿ, ಬಿಲ್ಲು ಕೊಟ್ಟು ಏಳುವವರನ್ನು ಕಂಡಾಗ ನಮಗೆ ಪಿಜ್ಜಾದ ಮೇಲಲ್ಲ ಕೋಪ ಬರುವುದು.

ಈಗ ಆ ಕೊನೆಯ ಸಾಲಿಗೆ ಬರೋಣ. ರಾಗಿಯ ತವರಿನ ಭಾಗವಾದ ಇಥಿಯೋಪಿಯಾದಲ್ಲಿ ಟೆಫ್ ಎಂಬ ಸಣ್ಣ ಕಾಳಿನ ಹಿಟ್ಟನ್ನು ಹುಳಿಬರಿಸಿ, ನಮ್ಮ ದೋಸೆಯಂತೆ ಅಗಲವಾಗಿ ಹುಯ್ಯುತ್ತಾರೆ. ಅಲ್ಲಿಯ ಕ್ರೈಸ್ತರು ಬುಧವಾರ, ಶುಕ್ರವಾರಗಳ ವ್ರತದಲ್ಲಿ ಮಾಂಸವಿರಲಿ, ಹಾಲನ್ನೂ ಮುಟ್ಟರು. ಬೇಳೆ, ಸೊಪ್ಪುಗಳೇ ಊಟ. ಮನೆಯವರೆಲ್ಲ ಒಂದೇ ದೊಡ್ಡ ತಟ್ಟೆಯ ಸುತ್ತ ಕುಳಿತು, ಹಿರಿಯರ ಬಾಯಿಗೆ ತಮ್ಮ ಕೈಯಿಂದ ತುತ್ತಿಡುವುದು ಅವರಲ್ಲಿ ಗೌರವದ ಕ್ರಮ. ಜಾತಿಯ ಗೆರೆ ಅಳಿಸಿ ಒಂದೇ ಪಂಕ್ತಿಯಲ್ಲಿ ಉಂಡ ಶರಣರ ಮಕ್ಕಳಾದ ನಮ್ಮ ಮನೆಯಲ್ಲಿ ತಾಯಿಯೊಬ್ಬಳು ವಾರಕ್ಕೊಮ್ಮೆ ಪಂಕ್ತಿಯಿಂದ ಹೊರಗುಳಿದಿದ್ದಾಳೆ. ಆ ಮಗನಿಗೆ ನಮ್ಮ ಮಾತಿಷ್ಟೇ: ಒಂದು ಭಾನುವಾರ ಅವ್ವನನ್ನೂ ಕರೆದುಕೊಂಡು ಹೋಗು, ಅವರು ಕೇಳುವ ಪ್ರಶ್ನೆಗಳಿಗೆಲ್ಲ ಅಡುಗೆಯವನಿಂದ ಉತ್ತರ ಕೊಡಿಸು. ಮುಂದಿನ ಭಾನುವಾರ ಆ ತಿನಿಸನ್ನು ಮನೆಯಲ್ಲಿಯೇ ಮಾಡು. ಹೆಂಡತಿಯಿಂದ ಮಾಡಿಸುವುದಲ್ಲ, ನೀನೂ ಒಲೆಯ ಮುಂದೆ ನಿಲ್ಲು. ತಾಯಿಯವರಿಗೂ ಒಂದು ಮಾತು: ಕರೆದಾಗ ಒಲ್ಲೆನೆನ್ನಬೇಡಿ.

ಕಳೆದ ಪುಷ್ಯ ಮಾಸದಲ್ಲಿ ಅರಕಲಗೂಡಿನ ಭಕ್ತರೊಬ್ಬರ ಮನೆಗೆ ಹೋಗಿದ್ದೆವು. ಸೊಸೆ ಇಟಲಿಯ ಪಾಸ್ತಾ ಬೇಯಿಸಿ, ತೆಂಗಿನಹಾಲು, ಹಿತಕಿದ ಅವರೆಬೇಳೆ ಬೆರೆಸಿ ಒಗ್ಗರಣೆ ಕೊಟ್ಟಿದ್ದರು. ಹಸಿರು ಚುಕ್ಕೆ ಕಾಣುವಂತೆ ಪೊಟ್ಟಣವನ್ನೂ ತಂದು ನಮ್ಮ ಮುಂದಿಟ್ಟರು. ನಾವು ಲಿಂಗಕ್ಕೆ ಸಮರ್ಪಿಸಿ ಕೈಯಿಟ್ಟೆವು. ಎದುರಿಗೆ ಕುಳಿತಿದ್ದ ಅಜ್ಜಿ ಒಂದು ತುತ್ತು ಬಾಯಿಗಿಟ್ಟು, “ಒತ್ತುಶಾವಿಗೆಗೆ ಇದು ಅಣ್ಣನೋ ತಮ್ಮನೋ ಕಾಣೆ” ಎಂದರು. ಬಳಿಕ ಸೊಸೆಯನ್ನು ಕೂಗಿ, ಅದರ ಮೇಲೆಯೇ ಒಂದು ಸೌಟು ಅವರೆಕಾಳಿನ ಸಾರು ಹಾಕಿಸಿಕೊಂಡರು.