ಲೈಟ್ ಆರಿಸಿದ್ರೆ ರಿಪೇರಿ ಆಯ್ತಾ?

ಕಳೆದ ಸೆಮಿಸ್ಟರ್ ರಜೆಯಲ್ಲಿ ನಮ್ಮ ಗ್ಯಾಂಗಿನ ಒಬ್ಬನ ಮನೆಯ 2014ರ ಪೆಟ್ರೋಲ್ ಕಾರಲ್ಲಿ ಚೆಕ್ ಎಂಜಿನ್ ಲೈಟ್ ಹತ್ತಿಕೊಂಡಿತು. ಗಾಡಿ ಓಡೋದರಲ್ಲಿ ಏನೂ ವ್ಯತ್ಯಾಸ ಇರಲಿಲ್ಲ. ಸ್ಕ್ಯಾನರ್ ಹಾಕಿದಾಗ ಬಂದ ಕೋಡ್ ಪಿ0420. ಅಂದ್ರೆ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅಂತ.

ಮೊದಲ ಗ್ಯಾರೇಜಿನವರು ಕನ್ವರ್ಟರನ್ನೇ ಬದಲಾಯಿಸಬೇಕು ಅಂದರು. ರೇಟು ಕೇಳಿ ಅಂಕಲ್ ಸುಮ್ಮನಾಗಿಬಿಟ್ಟರು. ಎರಡನೆಯವರು, "ಅಷ್ಟೆಲ್ಲ ಖರ್ಚು ಯಾಕಪ್ಪಾ? ಒಳಗಿರೋದನ್ನ ಒಡೆದು ಖಾಲಿ ಮಾಡ್ತೀನಿ, ಹಿಂದಿನ ಸೆನ್ಸರ್‌ಗೆ ಒಂದು ಸ್ಪೇಸರ್ ಹಾಕ್ತೀನಿ. ಲೈಟ್ ಬರಲ್ಲ" ಅಂದರು. ನಿಜ ಹೇಳಬೇಕಂದ್ರೆ, ನಮಗೂ ಅದೇ ಸರಿ ಅನ್ನಿಸಿತ್ತು.

ಆಗ ನಮ್ಮಲ್ಲೊಬ್ಬಳು ಕೇಳಿದಳು: "ಕನ್ವರ್ಟರ್ ಕೆಟ್ಟಿದೆ ಅಂತ ಇಸಿಯುಗೆ ಗೊತ್ತಾಗಿದ್ದು ಹೇಗೆ?"

ಉತ್ತರ ಹುಡುಕಿದೆವು. ಕನ್ವರ್ಟರಿನ ಮುಂದೊಂದು, ಹಿಂದೊಂದು ಆಕ್ಸಿಜನ್ ಸೆನ್ಸರ್ ಇರುತ್ತೆ. ಗಾಳಿ-ಪೆಟ್ರೋಲ್ ಅನುಪಾತ 14.7:1ರ ಆಸುಪಾಸಿನಲ್ಲಿ ಏರಿಳಿಯುವಾಗ ಮುಂದಿನ ಸೆನ್ಸರ್ ಸುಮಾರು 0.1ರಿಂದ 0.9 ವೋಲ್ಟ್ ನಡುವೆ ಓಲಾಡುತ್ತೆ. ಒಳ್ಳೆಯ ಕನ್ವರ್ಟರ್ ಆಕ್ಸಿಜನ್ ಹಿಡಿದಿಟ್ಟುಕೊಂಡು ಬಿಡೋದರಿಂದ ಹಿಂದಿನ ಸೆನ್ಸರ್ ಹೆಚ್ಚುಕಡಿಮೆ ಸ್ಥಿರವಾಗಿರುತ್ತೆ. ಅದೂ ಮುಂದಿನದರ ಹಾಗೆ ಓಲಾಡಿದರೆ ಕೋಡ್ ಬೀಳುತ್ತೆ. ಅಂದ್ರೆ ಇಸಿಯು ಕನ್ವರ್ಟರನ್ನ ನೇರವಾಗಿ ನೋಡಲ್ಲ, ಊಹಿಸುತ್ತೆ. ಪೈಪಲ್ಲಿ ಲೀಕ್ ಇದ್ದು ಹೊರಗಿನ ಗಾಳಿ ಒಳಗೆ ಬಂದರೂ ಆ ಊಹೆ ತಪ್ಪಬಹುದು.

ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಕಿವಿಗೊಟ್ಟೆವು. ಟಿಕ್ ಟಿಕ್ ಅಂತ ಸಣ್ಣ ಸದ್ದು. ಎಂಜಿನ್ ಬಿಸಿಯಾಗ್ತಾ ಹೋದಂತೆ ಅದು ಕಡಿಮೆಯಾಯ್ತು. ಆಫ್ ಮಾಡಿ, ಆರಿದ ಮೇಲೆ ಟಾರ್ಚ್ ಹಿಡಿದು ನೋಡಿದರೆ, ಮುಂದಿನ ಸೆನ್ಸರ್ ಮತ್ತು ಕನ್ವರ್ಟರ್ ನಡುವಿನ ಜಾಯಿಂಟಲ್ಲಿ ಕಪ್ಪು ಮಸಿ. ಗ್ಯಾಸ್ಕೆಟ್ ಹೋಗಿತ್ತು. ಹೊಸ ಗ್ಯಾಸ್ಕೆಟ್ಟಿಗೆ ಆದ ಖರ್ಚು ಕೆಲವೇ ನೂರು ರೂಪಾಯಿ. ಕೋಡ್ ಕ್ಲಿಯರ್ ಮಾಡಿದ ತಕ್ಷಣ ಗೆದ್ದೆವು ಅಂದುಕೊಳ್ಳಲಿಲ್ಲ. ಒಂದು ವಾರ ಓಡಿಸಿ ಮತ್ತೆ ಲೈವ್ ಡೇಟಾ ನೋಡಿದೆವು. ಹಿಂದಿನ ಸೆನ್ಸರ್ ಸ್ಥಿರವಾಗಿತ್ತು, ಲೈಟ್ ಬರಲಿಲ್ಲ.

ಎಲ್ಲ ಪಿ0420ಕ್ಕೂ ಗ್ಯಾಸ್ಕೆಟ್ಟೇ ಕಾರಣ ಅಂತ ನಾವು ಹೇಳ್ತಿಲ್ಲ. ಕನ್ವರ್ಟರ್ ನಿಜಕ್ಕೂ ಸಾಯುತ್ತೆ. ಮಿಸ್‌ಫೈರ್ ಆದಾಗ ಸುಡದ ಪೆಟ್ರೋಲ್ ಅಲ್ಲಿ ಹೋಗಿ ಉರಿದು ಒಳಗಿನ ಜೇನುಗೂಡೇ ಕರಗಬಹುದು. ಆಗ ಹಾಳಾದ ಪ್ಲಗ್, ಕಾಯಿಲ್ ಸರಿ ಮಾಡದೆ ಬರೀ ಕನ್ವರ್ಟರ್ ಬದಲಾಯಿಸಿದರೆ ಹೊಸದೂ ಹೋಗುತ್ತೆ. ನಮ್ಮ ವಾದ ಇಷ್ಟೇ: ಕೋಡ್ ಅನ್ನೋದು ತೀರ್ಪಲ್ಲ, ದೂರು. ವಿಚಾರಣೆ ಆಮೇಲೆ ಶುರುವಾಗಬೇಕು.

"ಎಮಿಷನ್ ಟೆಸ್ಟ್ ಪಾಸಾದ್ರೆ ಸಾಕಲ್ವಾ?" ಅಂತ ಕೇಳೋರಿದ್ದಾರೆ. ಸಾಲದು. ಬಿಎಸ್-4 ಪೆಟ್ರೋಲ್ ಕಾರಿಗೆ ಐಡಲಿಂಗಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿ 0.3%, ಹೈಡ್ರೋಕಾರ್ಬನ್ ಮಿತಿ 200 ಪಿಪಿಎಂ. ನೈಟ್ರೋಜನ್ ಆಕ್ಸೈಡುಗಳನ್ನ ಪಿಯುಸಿ ಟೆಸ್ಟಲ್ಲಿ ಅಳೆಯೋದೇ ಇಲ್ಲ. ಆದರೆ ಕನ್ವರ್ಟರ್ ಕಡಿಮೆ ಮಾಡೋ ಮೂರು ವಿಷಗಳಲ್ಲಿ ಅದೂ ಒಂದು. ಒಳಗಿರೋದನ್ನ ಒಡೆದುಹಾಕಿದರೆ ಅದು ಸಿಗ್ನಲಲ್ಲಿ ನಿಂತ ಟ್ರಾಫಿಕ್ ಪೊಲೀಸಿನ, ತಳ್ಳುಗಾಡಿಯವರ, ಹಿಂದೆ ಸ್ಕೂಟರಲ್ಲಿ ಕಾಯ್ತಿರೋ ನಮ್ಮದೇ ಶ್ವಾಸಕೋಶಕ್ಕೆ ಹೋಗುತ್ತೆ.

ಹಳೇ ಗಾಡಿ ಇಟ್ಟುಕೊಂಡ ಮನೆಗೆ ದೊಡ್ಡ ಬಿಲ್ ಭಾರ ಅನ್ನೋದು ಸುಳ್ಳಲ್ಲ. ಅಂಕಲ್ ಹಿಂಜರಿದಿದ್ದು ತಪ್ಪು ಅಂತ ನಮಗೆ ಅನ್ನಿಸಲ್ಲ. ಎರಡನೇ ಗ್ಯಾರೇಜಿನವರೂ ಖಳನಾಯಕರಲ್ಲ, ಗಿರಾಕಿಗಳು ಕೇಳೋದನ್ನೇ ಕೊಡ್ತಿದ್ದಾರೆ. ಅದಕ್ಕೇ ಸರಿಯಾದ ಪರೀಕ್ಷೆ ಮೊದಲು ಆಗಬೇಕು. ಕನ್ವರ್ಟರ್ ನಿಜವಾಗಿಯೂ ಹೋಗಿದ್ದರೆ ಖರ್ಚು ಮಾಡಲೇಬೇಕಿತ್ತು. ಆಗಲೂ ಖಾಲಿ ಡಬ್ಬ ಉತ್ತರವಲ್ಲ.

ಆದರೆ ಬೈಯೋ ಮೊದಲು ನಮ್ಮ ರೆಕಾರ್ಡ್ ಬುಕ್ ತೆಗೆದು ನೋಡೋಣ. ಲ್ಯಾಬಲ್ಲಿ ರೀಡಿಂಗ್ ಬರಲಿಲ್ಲ ಅಂದ್ರೆ ಏನು ಮಾಡ್ತೀವಿ? ಸೀನಿಯರ್ ರೆಕಾರ್ಡ್ ತಂದು ಹೊಂದಿಸ್ತೀವಿ, ಗ್ರಾಫ್ ನೆಟ್ಟಗೆ ಬರುತ್ತೆ, ಸಹಿ ಬೀಳುತ್ತೆ. ವೈರ್ ಲೂಸಿತ್ತಾ, ಮೀಟರ್ ಕೆಟ್ಟಿತ್ತಾ ಅಂತ ಯಾರೂ ನೋಡಲ್ಲ. ಸ್ಪೇಸರ್ ಹಾಕೋದನ್ನ ನಾವು ಗ್ಯಾರೇಜಲ್ಲಿ ಕಲಿಯಬೇಕಾಗಿಲ್ಲ, ಮೊದಲ ಸೆಮಿಸ್ಟರಲ್ಲೇ ಕಲಿತಾಗಿದೆ.

ಹಾಗಾಗಿ ಡಿಪಾರ್ಟ್‌ಮೆಂಟಿಗೆ ನಮ್ಮದೊಂದು ಬೇಡಿಕೆ. ಲ್ಯಾಬಿಗೆ ಒಂದು ಹಳೇ ಕಾರು ತಂದು ನಿಲ್ಲಿಸಿ, ಏನು ಕೆಟ್ಟಿದೆ ಅಂತ ಹೇಳಬೇಡಿ. ಹುಡುಕಿದ ದಾರಿಗೆ ಮಾರ್ಕ್ಸ್ ಕೊಡಿ, ಸಿಗದಿದ್ದರೂ ಕೊಡಿ. ಅಲ್ಲಿಯವರೆಗೆ ನಿಮ್ಮ ಮನೆ ಗಾಡಿಯಲ್ಲಿ ಲೈಟ್ ಹತ್ತಿದರೆ ಆರಿಸೋಕೆ ಓಡಬೇಡಿ, ಬೆಳಿಗ್ಗೆ ಎದ್ದು ಒಂದ್ಸಲ ಸದ್ದು ಕೇಳಿ.