ನಗರ ಯೋಜನೆಯಲ್ಲಿ ಬಡವರ ಪಾಲು: ಸ್ನಾತಕೋತ್ತರ ವಿದ್ಯಾರ್ಥಿಗಳು ಏನು ಮಾಡಬಲ್ಲರು?

2018ರ ಮೇ 29ರಂದು ಒಂದೇ ದಿನ ಸುರಿದ ಮಳೆಗೆ ಮಂಗಳೂರು ನಗರ ತತ್ತರಿಸಿದ್ದನ್ನು ಓದುಗರು ಮರೆತಿರಲಾರರು. ಆ ಬಳಿಕವೂ ಕೊಟ್ಟಾರ ಚೌಕಿ, ಪಂಪ್‌ವೆಲ್ ಮುಂತಾದ ಕಡೆ ನೀರು ನಿಂತ ಚಿತ್ರಗಳು ಮಳೆಗಾಲದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿವೆ. ಗುಡ್ಡಗಳನ್ನು ಕಡಿದು, ಆ ಮಣ್ಣಿನಿಂದಲೇ ಬೈಲುಗದ್ದೆಗಳನ್ನು ತುಂಬಿಸಿದ್ದೇವೆ. ತೋಡುಗಳನ್ನು ಕಿರಿದುಗೊಳಿಸಿದ್ದೇವೆ. ನೀರು ತನ್ನ ಹಳೆಯ ದಾರಿ ಹುಡುಕಿಕೊಂಡು ಬಂದರೆ ಅದರ ತಪ್ಪೇನು?

ನೀರು ಎಲ್ಲರ ಅಂಗಳಕ್ಕೂ ಬರುತ್ತದೆ ನಿಜ. ಆದರೆ ನಷ್ಟ ಎಲ್ಲರಿಗೂ ಒಂದೇ ತೆರನಲ್ಲ. ಫ್ಲ್ಯಾಟಿನಲ್ಲಿರುವವರ ಕಾರು ಕೆಟ್ಟರೆ ವಿಮೆ ಇದೆ. ತೋಡಿನ ಬದಿಯ ಬಾಡಿಗೆ ಮನೆಯವರಿಗೆ ಅಕ್ಕಿ, ಹಾಸಿಗೆ, ಮಕ್ಕಳ ಪುಸ್ತಕದ ಜೊತೆಗೆ ಮೂರು ದಿನದ ಕೂಲಿಯೂ ಹೋಗುತ್ತದೆ. ಪಡಿತರ ಚೀಟಿಯೂ ಇಲ್ಲದ ವಲಸೆ ಕಾರ್ಮಿಕರು ಪರಿಹಾರದ ಪಟ್ಟಿಗೇ ಸೇರುವುದಿಲ್ಲ.

ಹವಾಮಾನ ಬದಲಾವಣೆಯನ್ನು ಎದುರಿಸಲು ನಮ್ಮ ನಗರಗಳು ಈಗ ಯೋಜನೆಗಳನ್ನು ಬರೆಯುತ್ತಿವೆ. ಮುಂಬಯಿ 2022ರ ಮಾರ್ಚ್‌ನಲ್ಲಿ, ಬೆಂಗಳೂರಿನ ಅಂದಿನ ಬಿಬಿಎಂಪಿ 2023ರ ನವೆಂಬರ್‌ನಲ್ಲಿ ತಮ್ಮ ಹವಾಮಾನ ಕ್ರಿಯಾ ಯೋಜನೆಗಳನ್ನು ಪ್ರಕಟಿಸಿದವು. ಇದು ಸ್ವಾಗತಾರ್ಹ. ಆದರೆ ಇಂತಹ ಯೋಜನೆಯ ಭಾರ ಯಾರ ಮೇಲೆ ಬೀಳುತ್ತದೆ ಎಂಬುದು ಮುಖ್ಯ ಪ್ರಶ್ನೆ. 2022ರ ಆಗಸ್ಟ್-ಸೆಪ್ಟೆಂಬರ್ ನೆರೆಯ ಬಳಿಕ ಬೆಂಗಳೂರಿನಲ್ಲಿ ರಾಜಕಾಲುವೆ ಒತ್ತುವರಿ ತೆರವು ಆರಂಭವಾದಾಗ, ಸಣ್ಣವರ ಮನೆ ಮೊದಲು ಉರುಳುತ್ತದೆ, ದೊಡ್ಡವರಿಗೆ ತಡೆಯಾಜ್ಞೆ ಸಿಗುತ್ತದೆ ಎಂಬ ದೂರು ಕೇಳಿಬಂತು. ತೋಡು ಅಗಲವಾಗಬೇಕು, ಸರಿ. ಆದರೆ ಅದರ ಬದಿಯಲ್ಲಿದ್ದವರು ಎಲ್ಲಿಗೆ ಹೋಗಬೇಕು ಎಂಬ ಉತ್ತರವಿಲ್ಲದ ಯೋಜನೆ ನ್ಯಾಯದ ಯೋಜನೆಯಲ್ಲ.

ಈ ಪ್ರಶ್ನೆ ಕೇಳುವವರು ಯಾರು? ಇಲ್ಲಿ ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳ ನೆನಪಾಗುತ್ತದೆ. ಮಂಗಳೂರಿನ ರೋಶನಿ ನಿಲಯ 1960ರಿಂದ ಸಮಾಜಕಾರ್ಯ ಶಿಕ್ಷಣ ನೀಡುತ್ತಾ ಬಂದಿದೆ. ಎಂ.ಎಸ್.ಡಬ್ಲ್ಯು. ವಿದ್ಯಾರ್ಥಿಗಳಿಗೆ ಕ್ಷೇತ್ರಕಾರ್ಯ ಪಠ್ಯದ ಭಾಗವೇ ಆಗಿದೆ. ಅರ್ಥಶಾಸ್ತ್ರ, ಭೂಗೋಳ, ಕಾನೂನು, ಎಂಜಿನಿಯರಿಂಗ್ ಓದುವವರೂ ನಮ್ಮಲ್ಲಿ ಇದ್ದಾರೆ. ಇವರು ಬರೆಯುವ ಎಷ್ಟೋ ಒಳ್ಳೆಯ ವರದಿಗಳು ಅಂಕ ಸಿಕ್ಕಿದ ಮೇಲೆ ಗ್ರಂಥಾಲಯದ ಕಪಾಟು ಸೇರುತ್ತವೆ. ಅವು ಪಾಲಿಕೆಯ ಮೇಜಿಗೆ ಏಕೆ ಹೋಗಬಾರದು?

ಹೋದರೆ ಏನಾಗಬಹುದು ಎಂಬುದಕ್ಕೆ ಅಹಮದಾಬಾದ್ ಉದಾಹರಣೆ. 2010ರ ಮೇ ತಿಂಗಳ ಬಿಸಿಗಾಳಿಗೆ ಅಲ್ಲಿ ಸಾಮಾನ್ಯಕ್ಕಿಂತ 1,344 ಹೆಚ್ಚು ಸಾವುಗಳಾದವೆಂದು ಸಂಶೋಧಕರು ಲೆಕ್ಕ ಹಾಕಿದರು. ಗಾಂಧಿನಗರದ ಸಾರ್ವಜನಿಕ ಆರೋಗ್ಯ ಶಿಕ್ಷಣ ಸಂಸ್ಥೆ ಮತ್ತಿತರರು ಪಾಲಿಕೆಯೊಂದಿಗೆ ಕೈಜೋಡಿಸಿದ್ದರಿಂದ 2013ರಲ್ಲಿ ಬಿಸಿಗಾಳಿ ಕ್ರಿಯಾ ಯೋಜನೆ ಜಾರಿಗೆ ಬಂತು. ದಕ್ಷಿಣ ಏಷ್ಯಾದಲ್ಲಿ ಅದೇ ಮೊದಲನೆಯದು. ಮುನ್ನೆಚ್ಚರಿಕೆ, ಕುಡಿಯುವ ನೀರು, ಆಸ್ಪತ್ರೆ ಸಿಬ್ಬಂದಿಗೆ ತರಬೇತಿ ಎಲ್ಲವೂ ಅದರಲ್ಲಿದ್ದವು. ಅಧ್ಯಯನ ಅಲ್ಲಿ ಆಡಳಿತದ ಕ್ರಮವಾಯಿತು.

ಕಾನೂನು ಬಾಗಿಲುಗಳನ್ನು ತೆರೆದಿಟ್ಟಿದೆ. ಸಂವಿಧಾನದ 74ನೇ ತಿದ್ದುಪಡಿಯ ಪ್ರಕಾರ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕು. ಮಂಗಳೂರು 2011ರ ಜನಗಣತಿಯಲ್ಲೇ ಈ ಸಂಖ್ಯೆಯನ್ನು ದಾಟಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ತೋಡಿನ ಹೂಳೆತ್ತಲು ಎಷ್ಟು ಹಣ ಖರ್ಚಾಯಿತು ಎಂದು ಯಾರೂ ಕೇಳಬಹುದು. ಮಹಾಯೋಜನೆಯ ಕರಡಿಗೆ ಆಕ್ಷೇಪಣೆ ಸಲ್ಲಿಸಬಹುದು. ಪರಿಸರ ಪರಿಣಾಮದ ಸಾರ್ವಜನಿಕ ಅಹವಾಲು ಸಭೆಯಲ್ಲಿ ಮಾತನಾಡಬಹುದು. ಬಾಗಿಲು ತೆರೆದಿದ್ದರೂ ಒಳಹೋಗಲು ಅಭ್ಯಾಸ ಬೇಕು. ನಕ್ಷೆ ಓದಲು, ಬಜೆಟ್‌ನ ಸಾಲುಗಳನ್ನು ಬಿಡಿಸಲು, ಎರಡು ಪುಟದ ಮನವಿ ಬರೆಯಲು, ಅಧಿಕಾರಿಯ ಎದುರು ಕೋಪಗೊಳ್ಳದೆ ಹಿಂಜರಿಯದೆ ಮಾತನಾಡಲು ತರಬೇತಿ ಕೊಡಬೇಕು.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ವಿದ್ಯಾವಂತರು ಬಡವರ ಪರವಾಗಿ ಮಾತನಾಡುತ್ತಾ ಬಡವರ ಬಾಯನ್ನೇ ಮುಚ್ಚಿಸಿದ ನಿದರ್ಶನಗಳಿವೆ. ಮೀನುಗಾರ ಮಹಿಳೆಗೆ ತನ್ನ ಓಣಿಯಲ್ಲಿ ನೀರು ಎಲ್ಲಿಂದ ಏರುತ್ತದೆ ಎಂದು ಯಾವ ಪದವೀಧರನಿಗಿಂತಲೂ ಚೆನ್ನಾಗಿ ಗೊತ್ತು. ಆಕೆಯನ್ನು ಸಭೆಗೆ ಕರೆತಂದು, ಆಕೆಯ ಮಾತಿಗೆ ದಾಖಲೆಯ ಬಲ ಕೊಡುವುದು ವಿದ್ಯಾರ್ಥಿಯ ಕೆಲಸ. ಇದು ಪಕ್ಷ ರಾಜಕೀಯವಲ್ಲ, ಪೌರ ಕರ್ತವ್ಯ ಎಂಬುದನ್ನು ಹೆತ್ತವರಿಗೂ ಪ್ರಾಂಶುಪಾಲರಿಗೂ ತಿಳಿಹೇಳಬೇಕಾಗುತ್ತದೆ.

ಧರ್ಮಸಭೆಗೆ ಈ ದಾರಿ ಹೊಸದಲ್ಲ. ಗುರು ಜೋಸೆಫ್ ಕಾರ್ಡಿನ್ ಕಾರ್ಮಿಕ ಯುವಜನರಿಗೆ ಕಲಿಸಿದ ನೋಡು, ವಿವೇಚಿಸು, ಕಾರ್ಯಪ್ರವೃತ್ತನಾಗು ಎಂಬ ಕ್ರಮವನ್ನು ಜಗದ್ಗುರು 23ನೇ ಜಾನ್ 1961ರ ತಮ್ಮ ವಿಶ್ವಪತ್ರದಲ್ಲಿ ಎತ್ತಿಹಿಡಿದರು. ವೈ.ಸಿ.ಎಸ್.ನಲ್ಲಿ ಬೆಳೆದವರಿಗೆ ಅದು ಪರಿಚಿತ. ಜಗದ್ಗುರು ಫ್ರಾನ್ಸಿಸ್ 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಒಟ್ಟಿಗೇ ಆಲಿಸುವಂತೆ ಕರೆ ನೀಡಿದರು.

ಆಲಿಸುವ ಕೆಲಸ ನಮ್ಮ ಅಂಗಳದಿಂದಲೇ ಆರಂಭವಾಗಲಿ. ಚರ್ಚ್ ಮತ್ತು ಶಾಲೆಗಳ ಅಂಗಳಕ್ಕೆ ಇಂಟರ್‌ಲಾಕ್ ಹಾಕಿ ಮಳೆನೀರನ್ನು ಕೆಳಗಿನ ಮನೆಗಳತ್ತ ಹರಿಯಬಿಡುವ ನಾವು ಪಾಲಿಕೆಯನ್ನು ಮಾತ್ರ ದೂರಿದರೆ ವಿದ್ಯಾರ್ಥಿಗಳು ನಂಬಲಾರರು. ಮೊದಲ ಸಮೀಕ್ಷೆ ನಮ್ಮ ಆವರಣದಲ್ಲೇ ನಡೆಯಲಿ. ಬಳಿಕ ಒಂದೊಂದು ಕಾಲೇಜು ನಗರದ 60 ವಾರ್ಡುಗಳಲ್ಲಿ ಒಂದೊಂದನ್ನು ಆರಿಸಿಕೊಳ್ಳಲಿ. ತೋಡುಗಳ ನಕ್ಷೆ, ಅಪಾಯದಲ್ಲಿರುವ ಮನೆಗಳ ಪಟ್ಟಿ, ಜನರೇ ಒಪ್ಪಿದ ಬೇಡಿಕೆಗಳು, ಈ ಮೂರನ್ನು ಮುಂದಿನ ಮುಂಗಾರಿಗೆ ಮುನ್ನ ಪಾಲಿಕೆಗೆ ಸಲ್ಲಿಸಲಿ. ಕ್ಷೇತ್ರಕಾರ್ಯದ ಅಂಕವೂ ಅದಕ್ಕೇ ಸಿಗಲಿ.