ಊರಿನ ನಾಡಿ ಎಲ್ಲಿ ಹಿಡೀತೀರಿ?

ಪಟ್ಟಣದ ಆರೋಗ್ಯ ಅಳೆಯುವ ಹೊಸ ವೈದ್ಯರು ಬಂದಾರ. ಗಿಡ ಎಷ್ಟು, ಉದ್ಯಾನ ಎಷ್ಟು, ಕಸದ ಗಾಡಿ ಎಷ್ಟು ಅಂತ ಎಣಿಸಿ ಅಂಕ ಕೊಡ್ತಾರ. ಸ್ವಚ್ಛ ಸರ್ವೇಕ್ಷಣೆಯ ಹೆಸರಿನಲ್ಲಿ 2016ರಿಂದ ದೇಶದ ನಗರಗಳಿಗೆ ರ‍್ಯಾಂಕು ಹಂಚಲಾಗುತ್ತಿದೆ. ಈ ಅಂಕಪಟ್ಟಿಯನ್ನು ನಾನು ನಂಬುವುದಿಲ್ಲ. ಅಳೆಯುವುದು ತಪ್ಪೆಂದಲ್ಲ. ಅಳೆಯುವವನು ಅಗಸಿಯಲ್ಲಿ ನಿಂತು ಅಳೆದು ಹೋಗುತ್ತಾನೆ, ಕೇರಿಗೆ ಇಳಿಯುವುದಿಲ್ಲ.

ನಮ್ಮ ಮನಿಯಾಗ ಮೊದಲ ಡಿಗ್ರಿ ನನ್ನದು. ಅದರಾಗ ಪರಿಸರದ ಪೇಪರೂ ಇತ್ತು. ಕಾಡು, ಹುಲಿ, ಓಝೋನ್ ಎಲ್ಲ ಇದ್ದವು, ಗಟಾರ ಇರಲಿಲ್ಲ.

ನೀರಿನ ಮಾತು ನೋಡಿ. ಹೊಳೆಗೆ ಕೊಳಕು ಬಿದ್ದಷ್ಟೂ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕ ಮುಗಿಸುತ್ತವೆ, ಮೀನಿಗೆ ಉಸಿರು ಸಿಗುವುದಿಲ್ಲ. ಜನ ಮೀಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಇರಬೇಕು, ಆ ಜೀವಿಗಳ ಬೇಡಿಕೆ 3 ಮಿಲಿಗ್ರಾಂ ಮೀರಬಾರದು ಎಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕ. ಈ ಲೆಕ್ಕ ಬೇಕು. ಆದರೆ ಬಾಟಲಿ ಎಲ್ಲಿ ಮುಳುಗಿಸಿದಿರಿ ಸ್ವಾಮಿ? ಊರಿನ ಮೇಲಕ್ಕೋ, ಗಟಾರ ಕೂಡುವ ಕೆಳಕ್ಕೋ?

ಮೇಲೆ ನಿಂತವನು ನೀರಿಗೆ ಸರ್ಟಿಫಿಕೇಟು ಬರೆಯುವುದು ಈ ದೇಶಕ್ಕೆ ಹೊಸದಲ್ಲ. 1927ರಲ್ಲಿ ಮಹಾಡದ ಚೌದಾರ ಕೆರೆಯ ನೀರನ್ನು ಬಾಬಾಸಾಹೇಬರು ತಮ್ಮ ಜನರೊಂದಿಗೆ ಕುಡಿದರು. ಆಮೇಲೆ ಸವರ್ಣೀಯರು 108 ಗಡಿಗೆ ಸೆಗಣಿ, ಗಂಜಲ, ಹಾಲು, ಮೊಸರು ಸುರಿದು ಕೆರೆ ಶುದ್ಧವಾಯಿತೆಂದರು. ಸೆಗಣಿ ಬಿದ್ದರೆ ಶುದ್ಧಿ, ಮನುಷ್ಯ ಮುಟ್ಟಿದರೆ ಮೈಲಿಗೆ! ಆ ಪ್ರಯೋಗಶಾಲೆ ಇನ್ನೂ ಮುಚ್ಚಿಲ್ಲ.

ನಮ್ಮ ಕಡೆಗೆ ಬರೋಣ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಿಂದ ಬೆಳಗಾವಿಗೆ ಕುಡಿಯುವ ನೀರು ಹೋಗ್ತದ. ಕೆಳಗೆ ಹಿರಣ್ಯಕೇಶಿ, ಮಾರ್ಕಂಡೇಯಗಳನ್ನು ಕೂಡಿಕೊಂಡು ಘಟಪ್ರಭೆ ಗೋಕಾಕದ ಮಗ್ಗುಲಲ್ಲಿ ಹರೀತಾಳ. 2019ರ ಆಗಸ್ಟಿನಲ್ಲಿ ಹೊಳೆ ಊರೊಳಗೇ ಬಂತು. 2021ರ ಜುಲೈನಲ್ಲಿ ಬಂತು, 2024ರ ಜುಲೈನಲ್ಲಿ ಮತ್ತೂ ಬಂತು. 'ನೈಸರ್ಗಿಕ ವಿಕೋಪ' ಅಂತ ಬರಕೊಂಡರು. ಪೇಟೆಯೂ ಮುಳುಗಿತು, ಖರೆ. ಹೊಳೆಗೆ ಜಾತಿ ಇಲ್ಲ. ಆದರೆ ತಗ್ಗಿನ ಜಾಗ ಯಾರ ಪಾಲಿಗೆ ಬರ್ತದ ಅನ್ನೋದಕ್ಕ ಜಾತಿ ಐತಿ, ರೊಕ್ಕ ಐತಿ. ನೀರು ಇಳಿದ ಮ್ಯಾಲೆ ಊರಿನ ರಾಡಿ ಬಳಿಯೋರು ಯಾರ ಮಕ್ಕಳು?

ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ್ದು 1970ರ ದಶಕದಲ್ಲಿ. 1993ರಲ್ಲಿ ಕೇಂದ್ರದ ಕಾಯ್ದೆ, 2013ರಲ್ಲಿ ಇನ್ನೊಂದು ಕಾಯ್ದೆ. ನಡುವೆ 2010ರಲ್ಲಿ ಸವಣೂರಿನ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮಲವನ್ನು ತಮ್ಮ ಮೈಮೇಲೆ ತಾವೇ ಸುರಿದುಕೊಂಡರು. ಇದಕ್ಕಿಂತ ದೊಡ್ಡ ಪರಿಸರ ವರದಿ ಯಾವುದೈತಿ? 2023ರಲ್ಲಿ ಸುಪ್ರೀಂ ಕೋರ್ಟು ಗಟಾರದಲ್ಲಿ ಸತ್ತವನ ಮನೆಗೆ 30 ಲಕ್ಷ ಕೊಡಿ ಎಂದಿತು. ಅಂದರ ಸಾಯೋದು ನಿಂತಿಲ್ಲ ಅಂತ ಕೋರ್ಟಿಗೂ ಗೊತ್ತು.

ಗೋಕಾಕ, ಮೂಡಲಗಿ, ಹುಕ್ಕೇರಿಯ ಮಾಸ್ತರರೇ, ಕಾಲೇಜಿನ ಗೆಳೆಯ ಗೆಳತಿಯರೇ, ಒಂದು ನೋಟ್‌ಬುಕ್ ಹಿಡಕೊಂಡು ಗಟಾರದ ಗುಂಟ ನಡೀರಿ. ಅದು ಯಾವ ಓಣಿಯಿಂದ ಹೊರಟು ಯಾರ ಬಾಗಿಲಿಗೆ ಮುಟ್ತದ, ಅದರಾಗ ಇಳಿಯೋರು ಯಾರು, ಅವರ ಕೈಗೆ ಗವಸು ಐತೇನು, ಪಗಾರ ಯಾವಾಗ ಆತು, ಅವರ ಮನಿಗೆ ನಳ ಬಂದೈತೇನು, ಕೇಳಿ ಬರಕೊಳ್ರಿ. ಮಳೆಗಾಲಕ್ಕೆ ಮೊದಲೇ ಅದನ್ನು ನಗರಸಭೆ, ಪುರಸಭೆಗಳ ಸಾಮಾನ್ಯ ಸಭೆಯಲ್ಲಿ ಓದಿಸಬೇಕು. ಅವರು ಓದದಿದ್ದರೆ ಹೊರಗೆ ಮೆಟ್ಟಿಲ ಮೇಲೆ ನಿಂತು ನಾವೇ ಓದೋಣ.